ಐವತ್ತೊಂದು ಪೌಂಡಿಗೆ ಯಾವ ಮೊನೆ

ನನ್ನ ಗಂಡನಿಗೆ ಒಂದು ಎಲ್ಕ್ ಹೊಡೆಯಬೇಕಿತ್ತು. ಎಲ್ಕ್ ಎಂದರೆ ಅಮೆರಿಕದ ಬೆಟ್ಟಗಳಲ್ಲಿರುವ ಜಿಂಕೆಯ ಜಾತಿ, ಆದರೆ ನಮ್ಮ ಕಡವೆಗಿಂತಲೂ ದೊಡ್ಡದು. ಎತ್ತಿನಷ್ಟು ಮೈ, ತಲೆಯ ಮೇಲೆ ಎರಡು ಒಣ ಕೊಂಬೆಯಂಥ ಕೋಡು. ಅದನ್ನು ಹೊಡೆಯುವುದು ಕೋವಿಯಿಂದಲ್ಲ, ಬಿಲ್ಲು ಬಾಣದಿಂದ.

ನಾವು ಗದಗ ಕಡೆಯ ಲಿಂಗಾಯತರು. ಅಬುಧಾಬಿಯ ಬನಿಯಾಸಿನ ನಮ್ಮ ಮನೆಗೆ ಯಾರಾದರೂ ಮೊಟ್ಟೆ ಹಾಕಿದ ಕೇಕು ತಂದುಕೊಟ್ಟರೆ ಮಗಳು ಅದನ್ನು ಪೇಪರ್ ಪ್ಲೇಟಿನಲ್ಲಿಟ್ಟುಕೊಂಡು ಬಾಲ್ಕನಿಯಲ್ಲಿ ನಿಂತು ತಿನ್ನಬೇಕು. ಅಂಥ ಮನೆಯ ಯಜಮಾನರು ಇವರು, ಗುರುಪಾದಪ್ಪ, ಏಸಿ ಡಕ್ಟುಗಳ ಇಂಜಿನಿಯರು. ಎದೆಯ ಮೇಲೆ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ ಕಟ್ಟಿಕೊಂಡವರು, ಜಿರಳೆ ಬಂದರೂ ಕಸದ ಮೊರದಲ್ಲಿ ಎತ್ತಿ ಹೊರಗೆ ಬಿಡುವವರು. ಇವರು ಐವತ್ತರ ಹೊಸ್ತಿಲಲ್ಲಿ ಎಲ್ಕ್ ಹೊಡೆಯಲು ಹೊರಟರೆ ಹೆಂಡತಿಯಾದವಳು ಏನು ಹೇಳಬೇಕು? ನಾನು ಹೇಳುವುದನ್ನೆಲ್ಲ ಹೇಳಿದ್ದೆ.

"ತಿನ್ನಾವ್ರಾದ್ರ ಒಂದು ಮಾತು. ತಿನ್ನಂಗಿಲ್ಲ, ಮುಟ್ಟಂಗಿಲ್ಲ. ಸುಮ್ಮನ ಯಾಕ ಅದರ ಜೀವಾ ತಗೀತೀರಿ?"

ಅದಕ್ಕೆ ಇವರು ಹೇಳುತ್ತಿದ್ದುದು ಒಂದು ಕೂಗಿನ ಕತೆ. ಹಿಂದೆ ಕಂಪನಿಯ ಟ್ರೇನಿಂಗಿಗೆಂದು ಅಮೆರಿಕಕ್ಕೆ ಹೋಗಿದ್ದಾಗ ಯಾವುದೋ ಬೆಟ್ಟದ ಊರಿನಲ್ಲಿ ಉಳಿದಿದ್ದರಂತೆ. ಸೆಪ್ಟೆಂಬರ್ ತಿಂಗಳ ಒಂದು ನಸುಕಿನಲ್ಲಿ ಮಂಜಿನ ಒಳಗಿನಿಂದ ಎಲ್ಕ್ ಕೂಗಿತಂತೆ. "ಕೊಳಲೂ ಅಲ್ಲ, ಅಳೂದೂ ಅಲ್ಲ, ಎರಡೂ ಕೂಡಿದಂಗ" ಎನ್ನುತ್ತಿದ್ದರು. ಅದನ್ನು ಹೇಳುವಾಗ ಇವರ ಮುಖದಲ್ಲಿ ಬರುತ್ತಿದ್ದ ಕಳೆ ನಮ್ಮ ಮದುವೆಯ ಫೋಟೋದಲ್ಲಿ ಇರಬೇಕಿತ್ತು. ಅಲ್ಲಿ ಇಲ್ಲ. ಈ ವಯಸ್ಸಿನಲ್ಲಿ ಗಂಡಸರಿಗೆ ಏನಾದರೊಂದು ಹಿಡಿಯುತ್ತದೆ. ಕೆಲವರು ದೊಡ್ಡ ಮೋಟರ್ ಸೈಕಲ್ ಕೊಳ್ಳುತ್ತಾರೆ. ನನ್ನವರಿಗೆ ಇದು ಹಿಡಿಯಿತು ಎಂದು ಸುಮ್ಮನಾದೆ.

ಅಬುಧಾಬಿಯ ಒಂದು ಕ್ಲಬ್ಬಿನಲ್ಲಿ ಬಿಲ್ಲು ಕಲಿತರು. ಗುರಿ ಹಲಗೆಗೆ ಹೊಡೆಯುವುದಷ್ಟೇ. ಈ ದೇಶದಲ್ಲಿ ಬೇಟೆಯಾಡುವ ಹಾಗಿಲ್ಲ. ಮೊದಮೊದಲು ಬಿಲ್ಲಿನ ಹೆದೆ ಎದೆಯ ಕರಡಿಗೆಗೆ ಬಡಿದು ಬೆಳ್ಳಿಯ ಮೇಲೆ ಒಂದು ಗೀರು ಬಿತ್ತು. ಆಮೇಲಿಂದ ಬಿಲ್ಲು ಹಿಡಿಯುವಾಗ ಶಿವದಾರವನ್ನು ಸರಿಸಿ ಕರಡಿಗೆಯನ್ನು ಬೆನ್ನಿಗೆ ಹಾಕಿಕೊಳ್ಳುತ್ತಿದ್ದರು.

"ಲಿಂಗಪ್ಪ ನೋಡಬಾರದಂತ ಹಿಂದಕ್ಕ ಹಾಕ್ಕೊಂಡ್ರೇನು?" ಎಂದು ನಾನು ಕೆಣಕಿದೆ.

"ನೋಡಿದ್ರ ನೋಡಲಿ. ಹೆದಿಗೆ ಸಿಗಬಾರದು, ಅಷ್ಟ."

"ನೋಡ್ರಿ, ಕೋಡು ಗೀಡು ತಂದ್ರ ಮನಿಯೊಳಗ ಇಡಾಕ ಬಿಡಂಗಿಲ್ಲ. ಮತ್ತ ಅದು ಮೂವತ್ತು ಕಿಲೋದಾಗ ಹಿಡಿಯೂದೂ ಇಲ್ಲ."

ವಿಮಾನದಲ್ಲಿ ಒಬ್ಬರು ಒಯ್ಯಬಹುದಾದ ಮೂವತ್ತು ಕಿಲೋ ನನ್ನ ಇಲಾಖೆ. ಗಲ್ಫಿನಲ್ಲಿ ಸಂಸಾರ ಮಾಡಿದ ಹೆಂಗಸರಿಗೆ ಇದು ಗೊತ್ತು: ಊರಿಗೆ ಹೊರಡುವ ಮುಂಚೆ ಸೂಟ್‌ಕೇಸು ತೂಗುವುದು, ತೆಗೆಯುವುದು, ಮತ್ತೆ ತುಂಬುವುದು. ನಮ್ಮದು ಕೊಕ್ಕೆಗೆ ನೇತುಹಾಕುವ ಹಳೆಯ ಸ್ಪ್ರಿಂಗ್ ತಕ್ಕಡಿ. ದುಂಡನೆಯ ಮುಖ, ಕಪ್ಪು ಸೂಜಿ, ಹೊರಸುತ್ತಿನಲ್ಲಿ ಕಿಲೋ, ಒಳಸುತ್ತಿನಲ್ಲಿ ಪೌಂಡು. ವರ್ಷಗಟ್ಟಲೆ ಭಾರ ಹೊತ್ತು ಅದರ ಸ್ಪ್ರಿಂಗು ಸಡಿಲಾಗಿತ್ತು. ಇಪ್ಪತ್ತೇಳು ಕಿಲೋ ತೂಗಿದರೆ ಮೂವತ್ತು ತೋರಿಸುತ್ತಿತ್ತು. ಹೊಸದು ತರಬಹುದಿತ್ತು, ನಾನೇ ತರಲಿಲ್ಲ. ಆ ಮೂರು ಕಿಲೋ ನನಗೆ ಧೈರ್ಯ. ಕೌಂಟರಿನಲ್ಲಿ ಸೂಟ್‌ಕೇಸು ಬಿಚ್ಚಿ, ಎಲ್ಲರ ಎದುರು ಒಳಗಿನ ಬಟ್ಟೆ ಕೆದಕಿ, ಹಾಲಿನ ಪುಡಿ ಡಬ್ಬಿಯನ್ನು ಕೈಯಲ್ಲಿ ಹಿಡಿದು ನಿಂತವರನ್ನು ಎಷ್ಟೋ ಸಲ ನೋಡಿದ್ದೇನೆ. ನನಗೆ ಒಮ್ಮೆಯೂ ಆ ಗತಿ ಬಂದಿಲ್ಲ. ನಮ್ಮ ತಕ್ಕಡಿ ಜಾಸ್ತಿ ಹೇಳುತ್ತದೆ ಎಂಬುದು ನನಗೆ ಗೊತ್ತಿತ್ತು, ಮಗಳು ಸಾಕ್ಷಿಗೆ ಗೊತ್ತಿತ್ತು. ಇವರಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷಗಳಲ್ಲಿ ಇವರು ಸೂಟ್‌ಕೇಸನ್ನು ಎತ್ತಿದ್ದಾರೆಯೇ ಹೊರತು ತೂಗಿದವರಲ್ಲ.

ಎಲ್ಕ್ ಹೊಡೆಯಲು ಅಲ್ಲಿನ ಸರಕಾರದ ಪರವಾನಗಿ ಬೇಕು, ಅದನ್ನು ಚೀಟಿ ಎತ್ತಿ ಕೊಡುತ್ತಾರೆ. ಇವರು ವರ್ಷ ವರ್ಷ ಅರ್ಜಿ ಹಾಕುತ್ತಿದ್ದರು, ವರ್ಷ ವರ್ಷ ಹೆಸರು ಬರುತ್ತಿರಲಿಲ್ಲ. ಈ ವರ್ಷ ಬಂತು. ಸೆಪ್ಟೆಂಬರಿಗೆ ಹೋಗುವುದೆಂದು ಗೊತ್ತಾಯಿತು. ಅದೇ ದಿನಗಳಲ್ಲಿ ಇವರಿಗೆ ಅಂಗಿಯ ಗುಂಡಿ ಹಾಕಲು ಬಾರದಾಯಿತು.

ಬಿಲ್ಲು ಎಳೆದೂ ಎಳೆದೂ ಹೀಗಾಗಿದೆ ಎಂದುಕೊಂಡೆವು. ನಾನಂತೂ ಬಿಲ್ಲನ್ನು ಬಾಯಿ ತುಂಬ ಬೈದೆ. ಬಲಗೈಯ ಹೆಬ್ಬೆಟ್ಟಿನ ಬುಡದ ಮಾಂಸ ಇಳಿದುಹೋಗಿ ಅಲ್ಲಿ ಒಂದು ಗುಳಿ ಬಿದ್ದಾಗ ಟೂರಿಸ್ಟ್ ಕ್ಲಬ್ ಏರಿಯಾ ಎಂಬ ಬಡಾವಣೆಯ ನರರೋಗದ ಡಾಕ್ಟರರ ಬಳಿ ಹೋದೆವು. ಆಕೆ ಸೂಜಿ ಚುಚ್ಚಿ, ಕರೆಂಟು ಕೊಟ್ಟು, ಎಲ್ಲ ಪರೀಕ್ಷೆ ಮಾಡಿ, ಕೊನೆಗೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತರು. ಹೇಳಿದ್ದು ಇಷ್ಟು. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತಿವೆ. ಬಲಗೈಯಲ್ಲಿ ಶುರುವಾಗಿದೆ, ಅಲ್ಲೇ ನಿಲ್ಲುವುದಿಲ್ಲ. ಕಾಲು, ನಾಲಿಗೆ, ಆಮೇಲೆ ಉಸಿರು. ನಿಲ್ಲಿಸುವ ಔಷಧ ಇಲ್ಲ. ಬುದ್ಧಿಗೆ ಮಾತ್ರ ಏನೂ ಆಗುವುದಿಲ್ಲ, ಕೊನೆಯವರೆಗೂ ಎಚ್ಚರವಾಗಿರುತ್ತದೆ. ಅದನ್ನು ಆಕೆ ಸಮಾಧಾನವೆಂಬಂತೆ ಹೇಳಿದರು.

ವಾಪಸು ಬರುವಾಗ ಕಾರಿನಲ್ಲಿ ಇವರು "ಐವತ್ತು ಇದ್ರ ಸಾಕು" ಎಂದರು.

ಇವರಿಗೆ ಐವತ್ತು ತುಂಬಿ ಇನ್ನೂ ವರ್ಷವಾಗಿರಲಿಲ್ಲ. ಬದುಕಿದ್ದು ಸಾಕು ಎನ್ನುತ್ತಿದ್ದಾರೆಂದುಕೊಂಡೆ. ಕಾರನ್ನು ಬದಿಗೆ ನಿಲ್ಲಿಸಿ ಅತ್ತೆ, ಬೈದೆ, ಮಗಳು ಇನ್ನೂ ಓದುತ್ತಿದ್ದಾಳೆ ಎಂದೆ. ಇವರು ಗಾಬರಿಯಾಗಿ ನನ್ನನ್ನೇ ನೋಡಿದರು.

"ಅಯ್ಯ, ವಯಸ್ಸಲ್ಲ ಹುಚ್ಚಿ. ಪೌಂಡು. ಎಲ್ಕಿಗೆ ಐವತ್ತು ಪೌಂಡಿನ ಬಿಲ್ಲು ಬೇಕು."

ಹೆದೆಯನ್ನು ಪೂರ್ತಿ ಎಳೆಯಲು ಬೇಕಾದ ಬಲವನ್ನು ಬಿಲ್ಲಿನ ತೂಕ ಎನ್ನುತ್ತಾರೆ, ಅದನ್ನು ಪೌಂಡಿನಲ್ಲಿ ಅಳೆಯುತ್ತಾರೆ. ಇವರು ಹೋಗಬೇಕಿದ್ದ ಕಡೆಯ ನಿಯಮ ಹೀಗಿತ್ತು: ಜಿಂಕೆಗೆ ಕಡಿಮೆಯೆಂದರೆ ನಲವತ್ತು ಪೌಂಡು, ಎಲ್ಕಿಗೆ ಐವತ್ತು. ಅದಕ್ಕಿಂತ ಮೆತ್ತನೆಯ ಬಿಲ್ಲು ಹಿಡಿದು ಕಾಡಿಗೆ ಹೋಗುವ ಹಾಗಿಲ್ಲ. ಇವರು ಎಳೆಯುತ್ತಿದ್ದುದು ಅರವತ್ತೈದು. ಬಿಲ್ಲಿನ ಎರಡು ತುದಿಗಳಲ್ಲಿರುವ ಬೋಲ್ಟು ಸಡಿಲಿಸಿದರೆ ತೂಕ ಇಳಿಯುತ್ತದೆ. ಬೆರಳು ಸೋತರೂ ಮಣಿಕಟ್ಟಿಗೆ ಪಟ್ಟಿ ಬಿಗಿದು ಅದರ ಕೊಕ್ಕೆಯಿಂದ ಹೆದೆ ಎಳೆಯಬಹುದು. ಆದ್ದರಿಂದ ಇವರು ಬೋಲ್ಟನ್ನು ಆಗಾಗ ಅರ್ಧರ್ಧ ಸುತ್ತು ಸಡಿಲಿಸುತ್ತ ಬಂದರು. ಕ್ಲಬ್ಬಿಗೆ ಹೋಗುವುದನ್ನು ಬಿಟ್ಟರು, ತೋಳು ನಡುಗುವುದನ್ನು ಜನ ನೋಡಬಾರದು ಎಂದು. ಬಿಲ್ಲು ತೂಗುವ ಸಾಧನ ಇದ್ದುದು ಕ್ಲಬ್ಬಿನಲ್ಲಿ.

ಹಾಗಾಗಿ ಒಂದು ಸಂಜೆ, "ಮಾಧುರಿ, ಆ ಲಗೇಜಿನ ತಕ್ಕಡಿ ಕೊಡು" ಎಂದರು.

ಬಾಗಿಲ ಚೌಕಟ್ಟಿಗೆ ಮೊಳೆ ಹೊಡೆದು ತಕ್ಕಡಿಯನ್ನು ನೇತುಹಾಕಿದೆ. ಹೆದೆಯನ್ನು ಅದರ ಕೊಕ್ಕೆಗೆ ಸಿಕ್ಕಿಸಿ ಬಿಲ್ಲನ್ನು ಎರಡೂ ಕೈಯಿಂದ ಕೆಳಕ್ಕೆ ಜಗ್ಗಿದೆ. ಇವರು ಕನ್ನಡಕ ಏರಿಸಿಕೊಂಡು ಸೂಜಿಯನ್ನೇ ನೋಡುತ್ತಿದ್ದರು.

"ಐವತ್ತೊಂದು! ಸಾಕ್ಷೀ, ಬಾ ಇಲ್ಲೆ. ಐವತ್ತೊಂದು ಐತಿ!"

ಇವರ ತೋಳು ಆಗ ಎಳೆಯುತ್ತಿದ್ದ ತೂಕ ಅದು. ಆಸ್ಪತ್ರೆಯಿಂದ ಬಂದ ಮೇಲೆ ಇವರು ನಕ್ಕಿದ್ದು ಅದೇ ಮೊದಲು. ಎಡಗೈಯಿಂದ ನನ್ನ ಬೆನ್ನಿಗೆ ಗುದ್ದಿದರು. ಸಾಕ್ಷಿ, "ದಟ್ಸ್ ಮೈ ಅಪ್ಪಾ!" ಎಂದು ಚಪ್ಪಾಳೆ ತಟ್ಟಿದಳು. ಆಮೇಲೆ ತಕ್ಕಡಿಯನ್ನು ನೋಡಿದಳು, ನನ್ನನ್ನು ನೋಡಿದಳು, ಅವಳ ಚಪ್ಪಾಳೆ ನಿಂತಿತು.

ಇವರು ಸ್ನಾನಕ್ಕೆ ಹೋದಾಗ ನಾನು ಕುಡಿಯುವ ನೀರಿನ ದೊಡ್ಡ ಕ್ಯಾನನ್ನು ತಕ್ಕಡಿಗೆ ಹಾಕಿದೆ. ತುಂಬಿದ ಕ್ಯಾನು ಇಪ್ಪತ್ತು ಕಿಲೋಕ್ಕೆ ಒಂದಿಷ್ಟು ಕಡಿಮೆ ಎಂಬುದು ಅದನ್ನು ದಿನಾ ಎತ್ತುವವರಿಗೆಲ್ಲ ಗೊತ್ತು. ಸೂಜಿ ಇಪ್ಪತ್ತೆರಡರ ಬಳಿ ಹೋಗಿ ನಿಂತಿತು. ಬೇರೆ ಪುರಾವೆ ಬೇಕಿರಲಿಲ್ಲ. ಅದೇ ಲೆಕ್ಕ ಹಿಡಿದರೆ ಇವರ ಐವತ್ತೊಂದು ಅಂದರೆ ನಲವತ್ತಾರು.

ಸಾಕ್ಷಿ ಬಾಗಿಲಲ್ಲಿ ನಿಂತಿದ್ದಳು. "ಡೋಂಟ್ ಟೆಲ್ ಹಿಮ್, ಅಮ್ಮಾ. ಪ್ಲೀಸ್. ಹಿ ಈಸ್ ಹ್ಯಾಪಿ."

"ಅಲ್ಲಿ ಹೋದ ಮ್ಯಾಲೆ ಅವರು ತೂಗಿ ನೋಡಿದ್ರ?"

"ದೆನ್ ಲೆಟ್ ದೆಮ್ ಟೆಲ್ ಹಿಮ್."

ನಾನು ಕ್ಯಾನನ್ನು ಇಳಿಸಿ ಅಡುಗೆಮನೆಗೆ ಹೋದೆ. ಆ ಸಂಜೆ ಗೋಧಿ ಹುಗ್ಗಿ ಮಾಡಿದೆ. ಇವರು ಎರಡು ಸಲ ಹಾಕಿಸಿಕೊಂಡರು, ಚಮಚ ಎಡಗೈಯಲ್ಲಿತ್ತು.

ಆಮೇಲಿನ ದಿನಗಳಲ್ಲಿ ನಮ್ಮ ಮನೆ ಮತ್ತೆ ಮನೆಯಂತೆ ಇತ್ತು. ಇವರು ಫೋನಿನಲ್ಲಿ ಬೆಟ್ಟದ ನಕ್ಷೆ ನೋಡುತ್ತ ಕೂರುತ್ತಿದ್ದರು, ಯಾವ ಇಳಿಜಾರಿನಲ್ಲಿ ಗಾಳಿ ಹೇಗೆ ಬೀಸುತ್ತದೆ ಎಂದು ನನಗೆ ಪಾಠ ಹೇಳುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ. ತಕ್ಕಡಿಯನ್ನು ಬೀರುವಿನ ತಳಕ್ಕೆ ತಳ್ಳಿ ಮೇಲೊಂದು ಕಂಬಳಿ ಹಾಕಿದ್ದೆ, ಇವರು ಇನ್ನೊಮ್ಮೆ ಕೇಳದಿರಲಿ ಎಂದು. ಇನ್ನು ಉಳಿದಿದ್ದು ಮೊನೆಯ ಆಯ್ಕೆ.

ಬ್ರಾಡ್‌ಹೆಡ್ ಎಂದರೆ ಬೇಟೆಯ ಬಾಣದ ತುದಿಗೆ ತಿರುಪುವ ಅಲಗುಳ್ಳ ಮೊನೆ. ಬಾಣ ಗುಂಡಿನ ಹಾಗೆ ಬಡಿದು ಕೊಲ್ಲುವುದಿಲ್ಲ, ಕೊಯ್ದು ಕೊಲ್ಲುತ್ತದೆ. ಆದ್ದರಿಂದ ಯಾವ ಬಿಲ್ಲಿಗೆ, ಯಾವ ಪ್ರಾಣಿಗೆ, ಯಾವ ಮೊನೆ ಎಂಬುದೇ ಎಲ್ಲ. ನಿಜವಾದ ಮೊನೆಗಳನ್ನು ಇಲ್ಲಿಗೆ ತರಿಸುವುದು ಬೇಡವೆಂದು ಇವರು ಅವನ್ನು ಅಮೆರಿಕಕ್ಕೆ ಹೋದ ಮೇಲೆ ಕೊಳ್ಳುವವರಿದ್ದರು. ಆದರೆ ಯಾವುದನ್ನು ಕೊಳ್ಳಬೇಕು ಎಂಬುದು ಇಲ್ಲೇ ತೀರ್ಮಾನವಾಗಬೇಕು. ಅದಕ್ಕೆ ಸೆಡ್ರಿಕ್ ಇದ್ದ. ದುಬೈನ ರಾಸ್ ಅಲ್ ಖೋರಿನಲ್ಲಿ ಕಾರು ರಿಪೇರಿಯ ವರ್ಕ್‌ಶಾಪು ಇಟ್ಟುಕೊಂಡ ಮಂಗಳೂರು ಕಡೆಯ ಕ್ರಿಶ್ಚಿಯನ್, ಬಿಲ್ಲಿನ ಕ್ಲಬ್ಬಿನಲ್ಲಿ ಇವರಿಗೆ ಜೊತೆಯಾದವನು, ಸೆಪ್ಟೆಂಬರಿನಲ್ಲಿ ಇವರ ಜೊತೆಗೇ ಹೊರಟವನು. ಅವನು ಚಿತ್ರ ನೋಡಿಕೊಂಡು ಕಬ್ಬಿಣದಲ್ಲಿ ಮೂರು ಬಗೆಯ ಮೊನೆ ಮಾಡಿಟ್ಟಿದ್ದ. ಅಳತೆ ಅದೇ, ತೂಕ ಅದೇ, ಹರಿತ ಮಾತ್ರ ಇಲ್ಲ. ಬಾಣಕ್ಕೆ ತಿರುಪಿ ಹಾರಿಸಿ ನೋಡುವುದಕ್ಕೆ ಅಷ್ಟು ಸಾಕು.

ಒಂದು ರಜೆಯ ದಿನ ಇವರನ್ನು ಕೂರಿಸಿಕೊಂಡು ನಾನೇ ಕಾರು ಓಡಿಸಿಕೊಂಡು ಹೋದೆ. ಬಿಲ್ಲು ಹಿಂದಿನ ಸೀಟಿನಲ್ಲಿತ್ತು. ವರ್ಕ್‌ಶಾಪಿನ ಒಳಗೆ ಸೆಖೆ ಕುದಿಯುತ್ತಿತ್ತು.

"ಬನ್ನಿ ಗುರು ಸರ್, ಬನ್ನಿ. ಅಕ್ಕ, ಆ ಫ್ಯಾನಿನ ಹತ್ರ ಕೂತ್ಕೊಳ್ಳಿ ಆಯ್ತಾ? ಇಲ್ಲದಿದ್ರೆ ಕರಗಿ ಹೋಗ್ತೀರಿ" ಎಂದ ಸೆಡ್ರಿಕ್. ಬಾನೆಟ್ಟಿನ ಮೇಲೆ ಬಟ್ಟೆ ಹಾಸಿ ಮೂರು ಮೊನೆಗಳನ್ನು ಇಟ್ಟ. ಒಂದು ಮಡಚುವ ಅಲಗಿನದು: ಹಾರುವಾಗ ಮುಚ್ಚಿಕೊಂಡಿದ್ದು ಮೈಗೆ ತಾಗಿದೊಡನೆ ಅಗಲಕ್ಕೆ ಬಿಚ್ಚಿಕೊಳ್ಳುತ್ತದೆ. ಇನ್ನೊಂದು ಮೂರು ಅಲಗಿನದು, ಮಡಚುವುದಿಲ್ಲ. ಮತ್ತೊಂದು ಎರಡೇ ಅಲಗಿನ ಚಪ್ಪಟೆ ಮೊನೆ.

ಇವರು ಮಡಚುವುದನ್ನು ಎಡಗೈಯಿಂದ ಎತ್ತಿ ಪಕ್ಕಕ್ಕಿಟ್ಟರು. "ಇದು ಅರವತ್ತೈದು ಇದ್ದಾಗಿನ ಮಾತು. ಬಿಚ್ಚಿಕೊಳ್ಳಾಕ ಅರ್ಧ ಶಕ್ತಿ ತಿಂದುಬಿಡ್ತೈತಿ."

"ಹೌದು. ಅದಕ್ಕೇ ನಾನು ಹೇಳೂದು, ಎರಡಲಗಿಂದು ತಗೊಳ್ಳಿ. ಸೀದಾ ಒಳಗೆ ಹೋಗ್ತದೆ. ಎಂಥ ಟೆನ್ಷನ್ನೂ ಇಲ್ಲ."

"ಒಳಗ ಹೋಗ್ತೈತಿ, ಖರೆ. ಆದ್ರ ಗಾಯ ಸಣ್ಣದು. ರಕ್ತ ಬೀಳಂಗಿಲ್ಲ, ಜಾಡು ಸಿಗಂಗಿಲ್ಲ. ಮೂರಲಗಿಂದು ದೊಡ್ಡ ಗಾಯ ಮಾಡ್ತೈತಿ, ಅದಕ್ಕ ಗೊತ್ತಾಗೂದ್ರೊಳಗ ಮುಗಿದಿರ್ತೈತಿ. ಐವತ್ತೊಂದು ಐತಲ್ಲ, ಸಾಕು. ನಲವತ್ತಾರೋ ನಲವತ್ತೇಳೋ ಆಗಿದ್ರ ಈ ಮಾತ ಇರ್ತಿರಲಿಲ್ಲ."

ನಲವತ್ತಾರು. ಇವರ ಬಾಯಿಂದಲೇ ಬಂತು. ನಾನು ಸುಮ್ಮನೆ ಕೂತಿರಬಹುದಿತ್ತು. ನನ್ನ ಬಾಯಿಗೆ ಆ ಅಭ್ಯಾಸ ಇಲ್ಲ.

"ಆಗಿದ್ರ ಏನಾಗ್ತಿತ್ತು?" ಎಂದೆ.

ಇವರು ಖುಷಿಯಾದರು. ಮೊದಲ ಸಲ ನಾನು ಆಸಕ್ತಿ ತೋರಿಸಿದೆ ಎಂದುಕೊಂಡಿರಬೇಕು. "ಮೊನಿ ಅರ್ಧಕ್ಕ ನಿಂತುಬಿಡ್ತೈತಿ. ಒಂದು ಶ್ವಾಸಕೋಶಕ್ಕ ತಾಗ್ತೈತಿ, ಇನ್ನೊಂದಕ್ಕ ಮುಟ್ಟಂಗಿಲ್ಲ. ಅದು ಓಡ್ತೈತಿ. ಎರಡು ಬೆಟ್ಟ ದಾಟಿ ಎಲ್ಲೋ ಬೀಳ್ತೈತಿ. ಏಳಬೇಕಂತೈತಿ, ಕಾಲು ಬರಂಗಿಲ್ಲ. ಉಸಿರು ಸ್ವಲ್ಪ ಸ್ವಲ್ಪನ ಕಮ್ಮಿ ಆಕ್ಕೋತ ಹೋಗ್ತೈತಿ. ಬಾಳ ದಿನ ಹಿಡೀತೈತಿ. ಎಚ್ಚರ ಮಾತ್ರ ಪೂರಾ ಇರ್ತೈತಿ. ಅಂಥಾ ಸಾವು ಕೊಡಬಾರದು, ಮಾಧುರಿ. ಯಾರಿಗೂ ಕೊಡಬಾರದು."

ಡಾಕ್ಟರು ಕುರ್ಚಿ ಎಳೆದುಕೊಂಡು ಹೇಳಿದ್ದನ್ನೇ ಇವರು ಆ ಪ್ರಾಣಿಗೆ ಹೇಳುತ್ತಿದ್ದರು, ಅದೇ ಕ್ರಮದಲ್ಲಿ: ಕಾಲು, ಉಸಿರು, ಎಚ್ಚರ. ಗೊತ್ತಿದ್ದು ಹೇಳಿದರೋ ಗೊತ್ತಿಲ್ಲದೆಯೋ, ನಾನು ಕೇಳಲಿಲ್ಲ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಈಗಲೂ ಹೇಳಲಾರೆ.

"ತಕ್ಕಡಿ ಸುಳ್ಳೈತ್ರೀ!" ಎಂದು ಕಿರುಚಿದೆ. "ನಮ್ಮ ತಕ್ಕಡಿ ಸುಳ್ಳು ಹೇಳ್ತೈತಿ. ಇಪ್ಪತ್ತೇಳಿದ್ರ ಮೂವತ್ತಂತೈತಿ. ನಿಮ್ಮದು ಐವತ್ತೊಂದಲ್ಲ."

ಸೆಡ್ರಿಕ್ ಕೈಯೊರೆಸುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದುಕೊಂಡು ನಿಂತ. ಇವರು ನನ್ನ ಕಡೆ ನೋಡದೆ, "ಸೆಡ್ರಿಕ್, ನಿನ್ನ ಹತ್ರ ತಕ್ಕಡಿ ಐತೇನು?" ಎಂದರು.

ಇತ್ತು. ಬಿಡಿಭಾಗ ತೂಗುವ ಒಳ್ಳೆಯ ತಕ್ಕಡಿ. ಬಿಲ್ಲನ್ನು ತಂದು ತೂಗಿದರು. ನಲವತ್ತಾರು.

"ಬೋಲ್ಟು ಬಿಗಿ ಮಾಡು. ಐವತ್ತಕ್ಕ ತಾ."

"ಗುರು ಸರ್, ಇವತ್ತು ಬೇಡ..."

"ಯಲ್ಲಾ, ನಡಿ, ಮಾಡಪಾ."

ಸೆಡ್ರಿಕ್ ಬಿಗಿ ಮಾಡಿದ. ಇವರು ಶಿವದಾರವನ್ನು ಸರಿಸಿ ಕರಡಿಗೆಯನ್ನು ಬೆನ್ನಿಗೆ ಹಾಕಿಕೊಂಡರು, ಮಣಿಕಟ್ಟಿನ ಕೊಕ್ಕೆಯನ್ನು ಹೆದೆಗೆ ಸಿಕ್ಕಿಸಿ ಎಳೆದರು. ಹೆದೆ ಒಂದು ಗೇಣು ಬಂತು. ತೋಳು ನಡುಗಿತು, ಭುಜ ನಡುಗಿತು, ಕುತ್ತಿಗೆಯ ನರ ಉಬ್ಬಿತು. ಇನ್ನೊಮ್ಮೆ ಎಳೆದರು, ಮತ್ತೊಮ್ಮೆ ಎಳೆದರು. ಗೇಣಿನ ಮುಂದೆ ಬರಲಿಲ್ಲ. ಬಿಲ್ಲನ್ನು ಬಾನೆಟ್ಟಿನ ಮೇಲೆ ಇಟ್ಟು ಕರಡಿಗೆಯನ್ನು ಮತ್ತೆ ಎದೆಗೆ ತಂದುಕೊಳ್ಳಲು ನೋಡಿದರು, ದಾರ ಕಾಲರಿಗೆ ಸಿಕ್ಕಿಕೊಂಡಿತ್ತು. ನಾನು ಎದ್ದು ಬಿಡಿಸಿದೆ. ಬಿಡಿಸಲು ಬಿಟ್ಟರು, ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡಿದ್ದರು.

ಬರುವ ಅರ್ಧ ದಾರಿಯಲ್ಲಿ ಇವರು ಹೇಳಿದರು:

"ಹೋಗಿ ಸೋಲ್ತಿದ್ದೆ. ಅಲ್ಲಿ ಅವರು ತೂಗಿ, ನಡೆಯಂಗಿಲ್ಲ ಅಂತಿದ್ರು. ಬಿಲ್ಲು ಅಲ್ಲೇ ಇಟ್ಟು ಬೆಟ್ಟ ಹತ್ತತಿದ್ದೆ. ಅದರ ಕೂಗಾದ್ರೂ ಕೇಳಿಸ್ತಿತ್ತು."

"ಗೊತ್ತಾಗದಿದ್ರ ಹೊಡೀತಿದ್ರಲ್ರೀ? ಅದು ನರಳಿ ಸಾಯ್ತಿತ್ತಲ್ಲ?"

"ಹೌದು" ಎಂದರು. ಒಂದಿಷ್ಟು ದೂರ ಹೋದ ಮೇಲೆ, "ನಿನಗ ಎಲ್ಕಿನ ಮ್ಯಾಲೆ ಕರುಣಾ ಬಂತು" ಎಂದರು. ಸಿಟ್ಟಿನಿಂದ ಹೇಳಿದ್ದರೆ ನಾನೂ ಜಗಳ ಆಡುತ್ತಿದ್ದೆ. ಅದು ನಿಜ ಎಂಬಂತೆ ಹೇಳಿದರು.

ಅದು ನಿಜವಲ್ಲ. ನಾನು ನೋಡೇ ಇರದ ಒಂದು ಪ್ರಾಣಿಗೆ ಕರುಣೆ ತೋರಿಸಿ ನನ್ನ ಗಂಡನಿಂದ ಸೆಪ್ಟೆಂಬರನ್ನು ಕಿತ್ತುಕೊಂಡೆನೆ? ಇವರಿಗೆ ಬರಲಿರುವಂಥ ಸಾವನ್ನು ಇವರ ಕೈಯಿಂದಲೇ ಇನ್ನೊಂದಕ್ಕೆ ಕೊಡಿಸಬಾರದು ಅಂದುಕೊಂಡೆ, ಅಷ್ಟೇ. ಆದರೆ ಅದನ್ನು ಹೇಳಲು ಮಾತು ಸಿಗಲಿಲ್ಲ. ಸಿಕ್ಕಿದ್ದರೂ ಯಾರಿಗೆ ಏನು ಸಿಗುತ್ತಿತ್ತು? ಸಾಕ್ಷಿ ನನ್ನ ಜೊತೆ ಕೆಲವು ದಿನ ಮಾತು ಬಿಟ್ಟಳು.

ಸೆಡ್ರಿಕ್ ಬಿಡುವ ಆಸಾಮಿಯಲ್ಲ. ಅಮೆರಿಕದವರಿಗೆ ಫೋನು ಮಾಡಿ, ಬರೆದು, ಕಾಡಿ, ಅದೇ ಬೆಟ್ಟದ ತಪ್ಪಲಿನಲ್ಲಿ ಜಿಂಕೆಗೆ ಪರವಾನಗಿ ಸಿಗುವ ಹಾಗೆ ಮಾಡಿದ. ಬನಿಯಾಸಿಗೆ ಅವನೇ ಬಂದು ಹೇಳಿದ: "ಗುರು ಸರ್, ಜಿಂಕೆಗೆ ನಲವತ್ತು ಸಾಕು. ನಿಮ್ಮಲ್ಲಿ ನಲವತ್ತಾರು ಉಂಟು. ಮತ್ತೆ ಎಂಥ? ಎಲ್ಕಿನ ಕೂಗು ಅಲ್ಲಿಂದ್ಲೂ ಕೇಳ್ತದಂತೆ."

ಇವರು ಕೇಳಿದ್ದು ಒಂದೇ: "ಎರಡಲಗಿಂದು ತಂದೀಯೇನು?"

ತಂದಿದ್ದ. ಮೊದಲಿನದಕ್ಕಿಂತ ಸಣ್ಣದು, ಚಾಕುವಿನ ತುದಿಯಂತೆ ಚಪ್ಪಟೆ. ಜಿಂಕೆಯ ಮೈ ತೆಳು, ನಲವತ್ತರ ಬಿಲ್ಲಿಗೂ ಅದು ಆಚೆಗೆ ಪಾರಾಗುತ್ತದೆ ಎಂದು ಇವರು ಕಾಗದದ ಮೇಲೆ ಚಿತ್ರ ಬರೆದು ನನಗೂ ಮಗಳಿಗೂ ತೋರಿಸಿದರು. ಗೆರೆಗಳು ಅಂಕುಡೊಂಕಾಗಿದ್ದವು. ಬೆರಳಿನಿಂದ ಮೊನೆ ತಿರುಪಲು ಇವರಿಗೆ ಆಗುತ್ತಿರಲಿಲ್ಲ, ನಾನು ತಿರುಪಿದೆ. ಮೀನು ಕೂಡ ಮುಟ್ಟದ ಕೈ, ಬೇಟೆಯ ಬಾಣಕ್ಕೆ ಮೊನೆ ಹಾಕುತ್ತಿತ್ತು.

"ಜಿಂಕಿ ಕೋಡು ಮೂರು ಕಿಲೋ ಆಗೂದಿಲ್ಲ" ಎಂದರು ಇವರು ನನ್ನ ಕೈಯನ್ನೇ ನೋಡುತ್ತ. "ಈಗರೆ ತರಬಹುದೋ ಇಲ್ಲೋ?"

"ತರ್ರಿ" ಎಂದೆ. "ದೇವರ ಜಗಲಿ ಮ್ಯಾಲೆ ಲಿಂಗಪ್ಪನ ಬಾಜೂಕ ಇಡೂಣು." ನಾನು ನಿಜವಾಗಿಯೇ ಹೇಳಿದೆ. ಇಟ್ಟು ಊದುಬತ್ತಿಯನ್ನೂ ಹಚ್ಚುತ್ತಿದ್ದೆ.

ಬೇಸಗೆ ಏರಿತು. ಈಗ ತೂಗಲು ಸೆಡ್ರಿಕ್‌ನ ತಕ್ಕಡಿಯೇ ಬರುತ್ತಿತ್ತು, ನನ್ನದನ್ನು ಯಾರೂ ಕೇಳಲಿಲ್ಲ. ಅವನು ಬಂದಾಗಲೆಲ್ಲ ಬೋಲ್ಟು ಒಂದಿಷ್ಟು ಸಡಿಲವಾಗುತ್ತಿತ್ತು. ನಲವತ್ತಮೂರು. ನಲವತ್ತೊಂದು. ಆಮೇಲೆ ಇವರು ಪಾದ ಎಳೆದುಕೊಂಡು ನಡೆಯತೊಡಗಿದರು. ಚಹಾ ಗಂಟಲಲ್ಲಿ ಸಿಕ್ಕಿಕೊಳ್ಳತೊಡಗಿತು. ಒಂದು ಮಧ್ಯಾಹ್ನ ನಲವತ್ತರ ಹೆದೆಯೂ ಒಂದು ಗೇಣಿಗೆ ನಿಂತಿತು. ಸೆಡ್ರಿಕ್ ಮೂವತ್ತೆಂಟಕ್ಕೆ ಇಳಿಸಿದ. ಅದು ಬಂತು. ಇವರು ಎಳೆದು ಹಿಡಿದುಕೊಂಡೇ ನಿಂತರು, ಬಿಡಲಿಲ್ಲ.

"ಇದಕ್ಕ ಏನ್ ಹೊಡೀಬಹುದು, ಸೆಡ್ರಿಕ್? ಯಾವ ಮೊನಿ ಹಾಕಿದ್ರ ಏನ್ ಹೊಡೀಬಹುದು?" ನಾಲಿಗೆ ಆಗಲೇ ತೊದಲುತ್ತಿತ್ತು.

ಮಾತಿನಮಲ್ಲ ಸೆಡ್ರಿಕ್ ನೆಲ ನೋಡಿದ. "ಮೊಲ ಉಂಟು, ಸರ್" ಎಂದ. ಹೇಳಿದವನೇ ಬಾಲ್ಕನಿಗೆ ಹೋಗಿ ಆ ಉರಿಬಿಸಿಲಿನಲ್ಲಿ ಬೆನ್ನು ಹಾಕಿ ನಿಂತ. ಇವರು ಹೆದೆಯನ್ನು ಮೆಲ್ಲಗೆ ಹಿಂದಕ್ಕೆ ಬಿಟ್ಟು, ಬಿಲ್ಲನ್ನು ಸೋಫಾದ ಮೇಲಿಟ್ಟು, ನನಗೆ "ಖಲಾಸ್" ಎಂದರು. ಮತ್ತೆ ಅದನ್ನು ಮುಟ್ಟಲಿಲ್ಲ. ಸೆಡ್ರಿಕ್ ಸೆಪ್ಟೆಂಬರಿಗೆ ಒಬ್ಬನೇ ಹೋಗಲಿಲ್ಲ. ನಾವು ಎಷ್ಟು ಹೇಳಿದರೂ ಹೋಗಲಿಲ್ಲ.

ಕೆಲಸ ಹೋಯಿತು, ಅದರ ಹಿಂದೆ ವೀಸಾ. ಅಮೆರಿಕಕ್ಕೆ ಹೋಗಬೇಕಿದ್ದ ಸೆಪ್ಟೆಂಬರಿನಲ್ಲೇ ನಾವು ಊರಿಗೆ ಹೊರಟೆವು. ಬಿಲ್ಲನ್ನೂ ಹರಿತವಿಲ್ಲದ ಮೊನೆಗಳನ್ನೂ ಸೆಡ್ರಿಕ್ ಕೊಂಡೊಯ್ದ. ಸಾಮಾನೆಲ್ಲ ಹಂಚಿ, ಮಾರಿ, ಬಿಸಾಡಿ, ಉಳಿದದ್ದನ್ನು ಸೂಟ್‌ಕೇಸಿಗೆ ತುಂಬಿದೆ. ಬೀರುವಿನ ತಳದಿಂದ ಹಳೆಯ ತಕ್ಕಡಿ ತೆಗೆದು ಅದೇ ಬಾಗಿಲ ಚೌಕಟ್ಟಿನ ಮೊಳೆಗೆ ಹಾಕಿ ತೂಗಿದೆ. ಮೂವತ್ತು. ಬೆಲ್ಟು ಬಿಗಿದೆ. ತಕ್ಕಡಿಯನ್ನು ಅಲ್ಲೇ ಮೊಳೆಯ ಮೇಲೆ ಬಿಟ್ಟುಬಂದೆ.

ವಿಮಾನ ನಿಲ್ದಾಣದಲ್ಲಿ ಇವರು ಗಾಲಿಕುರ್ಚಿಯಲ್ಲಿದ್ದರು, ತಲೆ ಒಂದು ಕಡೆಗೆ ವಾಲಿತ್ತು. ಸಾಕ್ಷಿ ಹಿಂದೆ ನಿಂತು ಅದನ್ನು ಅಂಗೈಯಲ್ಲಿ ಆನಿಸಿ ಹಿಡಿದಿದ್ದಳು. ಪಕ್ಕದ ಸಾಲಿನಲ್ಲಿ ಯಾರೋ ಸೂಟ್‌ಕೇಸು ಬಿಚ್ಚಿ ಬಟ್ಟೆ ತೆಗೆಯುತ್ತಿದ್ದರು. ನಮ್ಮ ಕೌಂಟರಿನ ಹುಡುಗಿ ತೂಕ ನೋಡಿ ನಗುನಗುತ್ತ, "ಮೇಡಂ, ತೀನ್ ಕಿಲೋ ಔರ್ ಡಾಲ್ ಸಕ್ತೇ ಹೈಂ" ಎಂದಳು. ಇನ್ನೂ ಮೂರು ಕಿಲೋ ಹಾಕಬಹುದು, ಏನಾದರೂ ಉಳಿದಿದ್ದರೆ ಹಾಕಿ ಎಂದು.

ನಾನು ಸುತ್ತ ನೋಡಿದೆ. ಹಾಕಲು ಏನೂ ಇರಲಿಲ್ಲ.

ಇವರು ಗಂಟಲಿನಿಂದ ಏನೋ ಅಂದರು. ಈಗ ಇವರ ಮಾತು ನನಗೆ ಮತ್ತು ಮಗಳಿಗೆ ಮಾತ್ರ ತಿಳಿಯುತ್ತದೆ. ಬಗ್ಗಿ ಬಾಯಿಯ ಹತ್ತಿರ ಕಿವಿ ಇಟ್ಟೆ. ಒಂದೊಂದೇ ಅಕ್ಷರವನ್ನು ಎಳೆದು ತಂದು ಹೇಳಿದರು.

"ಜಿಂಕಿ ಕೋಡು... ಹಿಡೀತಿತ್ತು."

"ಹೌದ್ರೀ" ಎಂದೆ. "ಹಿಡೀತಿತ್ತು."

ಹುಡುಗಿ ಚೀಟಿ ಅಂಟಿಸಿದಳು. ಸೂಟ್‌ಕೇಸು ಬೆಲ್ಟಿನ ಮೇಲೆ ಒಳಗೆ ಹೋಯಿತು.